ಕೋವಿಡ್ ಆದ ಮೇಲೆ 17–18 ಗಂಟೆಯ ನಾನ್‌ಸ್ಟಾಪ್ ವಿಮಾನದಲ್ಲಿ ಲಾಭ ಇದೆಯಾ? ಸೀಟು ಜಾಸ್ತಿ ಹಾಕಿ ಟಿಕೆಟ್ ದರ ಯಾಕೆ ಇಳಿಸುವುದಿಲ್ಲ?

ಲಾಭ ಮಾಡಬಹುದು. ಆದರೆ ಸೀಟು ಜಾಸ್ತಿ ಹಾಕುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಾನು ಏರ್ ಕಾರ್ಗೋ ಬುಕಿಂಗ್‌ನಲ್ಲಿ ಕೆಲಸ ಮಾಡುವವನು, ಹಾಗಾಗಿ ಮೊದಲು ಕಣ್ಣು ಹೋಗುವುದೇ ತೂಕದ ಕಡೆ. ಅಷ್ಟು ದೂರಕ್ಕೆ ಬೇಕಾದ ಇಂಧನವನ್ನು ಹೊರುವುದಕ್ಕೇ ಒಂದಿಷ್ಟು ಇಂಧನ ಸುಡಬೇಕು. ಅದಕ್ಕೇ ಜನ ಕಮ್ಮಿ, ದರ ಜಾಸ್ತಿ.

ಸಿಂಗಪುರ್ ಏರ್‌ಲೈನ್ಸ್ ಕಥೆ ನೋಡಿ. 2004ರಲ್ಲಿ ನಾಲ್ಕು ಎಂಜಿನ್‌ನ ಏರ್‌ಬಸ್ ಎ340-500 ವಿಮಾನ ಇಟ್ಟುಕೊಂಡು ಸಿಂಗಪುರದಿಂದ ನ್ಯೂಯಾರ್ಕ್ ಪಕ್ಕದ ನ್ಯೂಆರ್ಕ್‌ಗೆ ಶುರು ಮಾಡಿದರು. 2008ರಲ್ಲಿ ಹಳೇ ಸೀಟು ಕಿತ್ತು ಬರೀ 100 ಬಿಸಿನೆಸ್ ಸೀಟು ಇಟ್ಟರು. ಆದರೂ 2013ರಲ್ಲಿ ನಿಲ್ಲಿಸಬೇಕಾಯಿತು. 2018ರಲ್ಲಿ ಎರಡೇ ಎಂಜಿನ್‌ನ ಎ350-900 ಯುಎಲ್‌ಆರ್ (ಅತಿ ದೂರ ಹಾರುವ ಮಾದರಿ) ಬಂದ ಮೇಲೆ ಮತ್ತೆ ಶುರು. 67 ಬಿಸಿನೆಸ್, 94 ಪ್ರೀಮಿಯಂ ಎಕಾನಮಿ, ಅಷ್ಟೇ. ಸಾದಾ ಎಕಾನಮಿ ಇಲ್ಲವೇ ಇಲ್ಲ. ಕೆಳಗೆ ಸರಕು ತುಂಬುವ ಜಾಗದಲ್ಲಿ (ಕಾರ್ಗೋ ಹೋಲ್ಡ್) ಮುಂಭಾಗದ್ದು ಕೂಡ ಬಳಕೆಯಲ್ಲಿಲ್ಲ.

ಕೋವಿಡ್ ಬಂದು ಈ ಲೆಕ್ಕವನ್ನೇ ತಲೆಕೆಳಗು ಮಾಡಿತು. 2020ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಜೆಎಫ್‌ಕೆ ವಿಮಾನ ನಿಲ್ದಾಣಕ್ಕೆ ಸಿಂಗಪುರ್ ಏರ್‌ಲೈನ್ಸ್ ಬಿಟ್ಟದ್ದು 253 ಸೀಟಿನ ಮಾಮೂಲಿ ಎ350. ಜನರೇ ಇಲ್ಲದಾಗ ದೊಡ್ಡ ಕ್ಯಾಬಿನ್ ಯಾಕೆ ಅಂತೀರಾ? ಮೇಲಿನ ಸೀಟಿಗಲ್ಲ, ಕೆಳಗಿನ ಹೋಲ್ಡ್‌ಗೆ! ಹೊಟ್ಟೆಯಲ್ಲಿ ಸರಕೂ ಹೊರುವ ಪ್ಯಾಸೆಂಜರ್ ವಿಮಾನಗಳು ಬಹುಪಾಲು ನಿಂತಿದ್ದರಿಂದ ಸರಕು ಕಳಿಸಲು ಜಾಗವೇ ಸಿಗುತ್ತಿರಲಿಲ್ಲ, ಕಾರ್ಗೋ ದರ ಗಗನಕ್ಕೇರಿತ್ತು. ಮೇಲೆ ಖಾಲಿ ಸೀಟು ಇದ್ದರೆ ತೂಕವೂ ಕಮ್ಮಿ, ಕೆಳಗೆ ಸರಕು ಹಾಕಬಹುದು. ಜನ ವಾಪಸ್ ಬಂದ ಮೇಲೆ ದುಬಾರಿ ಸೀಟಿನ ಹಳೇ ಲೆಕ್ಕವೇ ವಾಪಸ್ ಬಂತು. ಆಸ್ಟ್ರೇಲಿಯಾದ ಕ್ವಾಂಟಸ್ ಕೂಡ ಸಿಡ್ನಿ–ಲಂಡನ್‌ಗೆ ಅಂತ ತರಿಸುತ್ತಿರುವ ಎ350-1000ದಲ್ಲಿ 238 ಸೀಟು ಮಾತ್ರ ಇಡುತ್ತಿದೆ. ಅದೇ ವಿಮಾನದಲ್ಲಿ ಬೇರೆಯವರು 300ಕ್ಕೂ ಮೇಲೆ ಕೂರಿಸುತ್ತಾರೆ.

ನಮ್ಮ ಬೆಂಗಳೂರಿನದು ಬೇರೆ ಥರ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊಗೆ ಬಿಟ್ಟ ಬೋಯಿಂಗ್ 777-200ಎಲ್‌ಆರ್‌ನ 238 ಸೀಟಿನಲ್ಲಿ 195 ಎಕಾನಮಿಯೇ. ಐಟಿಯವರು ಇದ್ದೇ ಇದ್ದರು ಬಿಡಿ, ಆದರೆ ಮಗಳ ಬಾಣಂತನಕ್ಕೆ ಹೊರಟ ಅಮ್ಮಂದಿರನ್ನು ಮರೆಯಬೇಡಿ. ನಡುವೆ ಗೊತ್ತಿಲ್ಲದ ಊರಲ್ಲಿ ಇಳಿದು ಗೇಟ್ ಹುಡುಕುವ ತಾಪತ್ರಯ ತಪ್ಪಲಿ ಅಂತ ಮಕ್ಕಳು ಹೆಚ್ಚು ದುಡ್ಡು ಕೊಟ್ಟಾದರೂ ಇದನ್ನೇ ಬುಕ್ ಮಾಡುತ್ತಿದ್ದರು. ಅಮೆರಿಕದ ವಿಮಾನ ಕಂಪನಿಗಳಾದ ಅಮೆರಿಕನ್, ಯುನೈಟೆಡ್ ಎರಡೂ ಬೆಂಗಳೂರಿಗೆ ಬರುತ್ತೇವೆ ಅಂದಿದ್ದವು, ಬರಲಿಲ್ಲ. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲಂತೂ ಅಮೆರಿಕದ ಕಂಪನಿಗಳಿಗೆ ದಾರಿ ಇನ್ನೂ ಉದ್ದವಾಯಿತು.

ಕಮ್ಮಿ ದರ ಬೇಕಿದ್ದರೆ ದುಬೈ, ದೋಹಾ ಮೇಲೆ ಹೋಗುವ ಟಿಕೆಟ್ ನೋಡಿ. ನಡುವೆ ಇಳಿದು ಇಂಧನ ತುಂಬಿಸಿಕೊಳ್ಳುವವರಿಗೆ ಜನರನ್ನೂ ಸರಕನ್ನೂ ಜಾಸ್ತಿ ಹೊರಲು ಆಗುತ್ತದೆ, ಅಲ್ವಾ?