ಕಾಡಿನ ನಡುವೆ ಗಾಲ್ಫ್: ಬಾಲ್ ಪೊದೆಗೆ ಹೋದ್ರೆ?

ಪ್ರಶ್ನೆ: ದಟ್ಟ ಕಾಡಿನ ಮಧ್ಯೆ ಇರೋ ಗಾಲ್ಫ್ ಕೋರ್ಸಲ್ಲಿ ಮೊದಲ ಸಲ ಆಡ್ತಿದೀನಿ. ಬಾಲ್ ಮರಗಳೊಳಗೆ ಹೋದ್ರೆ ಏನ್ ಮಾಡ್ಲಿ?

ಉತ್ತರ: ಫೇರ್‌ವೇ (ಹುಲ್ಲು ಕತ್ತರಿಸಿರೋ ಆಟದ ದಾರಿ) ಕಿರಿದಾಗಿರೋ ಹೋಲ್‌ಗಳಲ್ಲಿ ಡ್ರೈವರ್ (ಅತಿ ದೂರ ಹೊಡೆಯೋ ಕ್ಲಬ್, ಅಂದ್ರೆ ಗಾಲ್ಫ್ ಕೋಲು) ಬ್ಯಾಗಲ್ಲೇ ಇರ್ಲಿ, ದೂರಕ್ಕಿಂತ ನೇರ ಮುಖ್ಯ. ಬಾಲ್ ಕಾಡಿಗೆ ಹೋಯ್ತು ಅನ್ಸಿದ್ರೆ ಹುಡುಕೋಕೆ ಹೊರಡೋ ಮುಂಚೆನೇ ಪ್ರೊವಿಷನಲ್ (ಮೊದಲನೇದು ಸಿಗದಿದ್ರೆ ಬಳಸೋ ತಾತ್ಕಾಲಿಕ ಬಾಲ್) ಅಂತ ಹೇಳಿ ಇನ್ನೊಂದು ಹೊಡೆದಿಡಿ, ಯಾಕಂದ್ರೆ 2019ರಿಂದ ಹುಡುಕೋಕೆ ಸಿಗೋದು 3 ನಿಮಿಷ ಅಷ್ಟೇ, ಮೊದ್ಲು 5 ಇತ್ತು. ಸಿಕ್ಕಿದ್ರೂ ಬೇರಿನ ಮಧ್ಯೆ ಕೂತಿದ್ರೆ ಹಟ ಬೇಡ, ಮಣಿಕಟ್ಟು ಹೋಗುತ್ತೆ! 1 ಸ್ಟ್ರೋಕ್ ಪೆನಾಲ್ಟಿ ತಗೊಂಡು 2 ಕ್ಲಬ್ ಉದ್ದದೊಳಗೆ, ಹೋಲ್‌ಗೆ ಹತ್ರ ಆಗದ ಹಾಗೆ ಬಾಲ್ ಡ್ರಾಪ್ ಮಾಡಿ (ಕೈಯಿಂದ ಕೆಳಗೆ ಬಿಡಿ). ವಿಷದ ಹಾವೋ ಜೇನೋ ಪಕ್ಕದಲ್ಲಿದ್ರೆ ಪೆನಾಲ್ಟಿ ಇಲ್ದೇನೇ ರಿಲೀಫ್ (ಬಾಲ್ ಬೇರೆ ಜಾಗಕ್ಕೆ ಸರಿಸಿ ಆಡೋ ಅವಕಾಶ) ಸಿಗುತ್ತೆ, ಕೋಲು ಹಾಕಿ ಕೆದಕ್ಬೇಡಿ ಪ್ಲೀಸ್.