12x10 ಅಡಿ ಕೋಣೆ: ದುಡ್ಡು ಆಂಪ್ಲಿಫೈಯರ್‌ಗೋ, ಸ್ಪೀಕರ್‌ಗೋ?

12x10 ಅಡಿ ಕೋಣೆ, 60 ಸಾವಿರ ಬಜೆಟ್, ಬರೀ ಹಾಡು ಕೇಳೋಕೆ, ಯಾವುದಕ್ಕೆ ಹೆಚ್ಚು ಹಾಕಲಿ ಅಂತ ಕೇಳಿದ್ದೀರಿ. ಸ್ಪೀಕರ್‌ಗೆ ಹಾಕಿ ಸರ್. 35 ಸಾವಿರ ಅದಕ್ಕೇ ಇರಲಿ, 15-18 ಆಂಪ್ಲಿಫೈಯರ್‌ಗೆ, ಮಿಕ್ಕಿದ್ದು ಸ್ಟ್ಯಾಂಡು, ಕಾರ್ಪೆಟ್, ವೈರಿಗೆ. ವ್ಯಾಟ್ ಲೆಕ್ಕಕ್ಕೆ ಮರುಳಾಗಬೇಡಿ: 50 ವ್ಯಾಟ್ ಇದ್ದದ್ದು 100 ಆದರೂ ಸದ್ದು ಹೆಚ್ಚುವುದು 3 ಡೆಸಿಬೆಲ್ ಮಾತ್ರ. 87 ಡೆಸಿಬೆಲ್ ಸೆನ್ಸಿಟಿವಿಟಿಯ (ಅಂದರೆ ಅಷ್ಟೇ ಪವರ್‌ಗೆ ಎಷ್ಟು ಜೋರಾಗಿ ಕೇಳಿಸುತ್ತೆ ಅನ್ನೋ ಅಳತೆ) ಸ್ಪೀಕರ್ ಬದಲು 90ರದ್ದು ತಂದರೂ ಅಷ್ಟೇ ಸಿಗುತ್ತೆ.

ಇವೆರಡಕ್ಕಿಂತ ಹೆಚ್ಚು ಕಾಟ ಕೊಡೋದು ಕೋಣೆ. 12 ಅಡಿ ಉದ್ದಕ್ಕೆ ಸುಮಾರು 47 ಹರ್ಟ್ಸ್, 10 ಅಡಿ ಅಗಲಕ್ಕೆ 56 ಹರ್ಟ್ಸ್ ಸುತ್ತ ಬೇಸ್ ಗುಂಯ್‌ಗುಡುತ್ತೆ. ಸ್ಪೀಕರನ್ನ ಮೂಲೆಗೆ ತಳ್ಳಿದರಂತೂ ಕೇಳೋದೇ ಬೇಡ. ಹಿಂದಿನ ಗೋಡೆಯಿಂದ ಒಂದೂವರೆ ಅಡಿ, ಪಕ್ಕದ ಗೋಡೆಯಿಂದ ಎರಡಡಿ ಬಿಡಿ. ಟ್ವೀಟರ್ (ತೀಕ್ಷ್ಣ ಸ್ವರ ಹೊರಡಿಸೋ ಚಿಕ್ಕ ಘಟಕ) ಕೂತವರ ಕಿವಿ ಮಟ್ಟಕ್ಕಿರಲಿ. ಎರಡು ಸ್ಪೀಕರ್ ನಡುವೆ ಎಷ್ಟು ದೂರವೋ, ಕುರ್ಚಿಗೂ ಹೆಚ್ಚುಕಮ್ಮಿ ಅಷ್ಟೇ ದೂರ. ಕುರ್ಚಿ ಹಿಂದಿನ ಗೋಡೆಗೆ ಅಂಟಿಕೊಂಡಿದ್ದರೂ ಬೇಸ್ ಕೆಡುತ್ತೆ, ಒಂದೆರಡಡಿ ಮುಂದೆ ತನ್ನಿ.

ಟೈಲ್ಸ್ ನೆಲ, ಖಾಲಿ ಗೋಡೆ ಇದ್ದರೆ ಚಪ್ಪಾಳೆ ತಟ್ಟಿ ನೋಡಿ. ಟರ್ರ್ ಅಂತ ಮಾರ್ದನಿ ಬಂದರೆ ಸ್ಪೀಕರ್ ಮುಂದೆ ದಪ್ಪ ಕಾರ್ಪೆಟ್, ಕಿಟಕಿಗೆ ಭಾರದ ಪರದೆ ಹಾಕಿ. ಆದರೆ ಇದರಿಂದ ಬೇಸ್ ತಗ್ಗಲ್ಲ.

ವೈರು 5 ಮೀಟರ್ ಒಳಗಿದ್ದರೆ 16 ಗೇಜ್ (ವೈರಿನ ದಪ್ಪದ ಅಳತೆ) ತಾಮ್ರದ್ದು ಧಾರಾಳ ಸಾಕು, ಚಿನ್ನದ ಲೇಪನದ ಮಾತಿಗೆ ಕಿವಿಗೊಡಬೇಡಿ. ಕೆಂಪು-ಕಪ್ಪು ವೈರು ಒಂದು ಸ್ಪೀಕರ್‌ನಲ್ಲಿ ಮಾತ್ರ ಅದಲುಬದಲಾದರೆ ಬೇಸ್ ಸೊರಗಿ, ಗಾಯಕರ ದನಿ ನಡುವೆ ನಿಲ್ಲದೆ ಚದುರುತ್ತೆ. ಹೊಸ ಸೆಟ್ಟು ಸಪ್ಪೆ ಅನಿಸಿದರೆ ಮೊದಲು ಇದನ್ನೇ ನೋಡಿ.