ಸ್ತನ ಕ್ಯಾನ್ಸರ್ ಸಹಾಯಾರ್ಥ ಮಹಿಳೆಯರ ಪೋರ್ಟ್ರೇಟ್ ತೆಗೆದುಕೊಡಿ ಎಂದು ನಮ್ಮೂರಿನ ಮಹಿಳಾ ಸಮಾಜದವರು ಕೇಳಿದ್ದಾರೆ. ಗಂಡಸಾದ ನಾನು ಒಪ್ಪಬಹುದೇ? ಹೇಗೆ ಮಾಡಿದರೆ ಸರಿ?

ಖಂಡಿತ ಒಪ್ಪಿಕೊಳ್ಳಿ. ಆದರೆ ಮಹಿಳಾ ಸಮಾಜದವರು ಹೇಳಿದ ರೀತಿಯಲ್ಲೇ ಮಾಡಬೇಡಿ.

ನೀವು ಬರೆದಿರುವ ಪ್ರಕಾರ ಅವರ ಯೋಜನೆ ಇಷ್ಟು: ಅಕ್ಟೋಬರ್ ತಿಂಗಳಲ್ಲಿ ಊರಿನ ಹೆಂಗಸರು ಗುಲಾಬಿ ಸೀರೆ ಉಟ್ಟು, ಸ್ತನ ಕ್ಯಾನ್ಸರ್ ಜಾಗೃತಿಯ ಗುರುತಾದ ಗುಲಾಬಿ ರಿಬ್ಬನ್ ಹಿಡಿದು ನಿಮ್ಮ ಸ್ಟುಡಿಯೊದಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ; ಅದನ್ನು ಕ್ಯಾಲೆಂಡರ್ ಮಾಡಿ ಮಾರಿ, ಬಂದ ಹಣವನ್ನು ರೋಗಿಗಳಿಗೆ ಕೊಡುತ್ತಾರೆ. ಜೊತೆಗೆ "ಕ್ಯಾನ್ಸರ್ ಗುಣವಾದವರು ಒಂದಿಬ್ಬರನ್ನು ಹುಡುಕಿ ಕೂರಿಸೋಣ" ಎಂದೂ ಹೇಳಿದ್ದಾರೆ. ನಾನು ಮೈಸೂರಿನಲ್ಲಿ ಪೋರ್ಟ್ರೇಟ್ ತೆಗೆಯುವವಳು. ಚಿಕ್ಕಮ್ಮನಿಗೆ ಈ ಕಾಯಿಲೆ ಬಂದಾಗ ಆಸ್ಪತ್ರೆಗೆ ಓಡಾಡಿದ್ದೇನೆ, ಆಮೇಲೆ ಇಂಥ ಸಹಾಯಾರ್ಥ ಪ್ರದರ್ಶನಗಳಿಗೆ ಫೋಟೋ ತೆಗೆದುಕೊಟ್ಟಿದ್ದೇನೆ. ಅವರ ಉದ್ದೇಶದಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಆದರೆ "ಹುಡುಕಿ ಕೂರಿಸೋಣ" ಅಂದರಲ್ಲ, ಅದೊಂದನ್ನು ಮಾತ್ರ ಬಿಡಲೇಬೇಕು.

ಯಾಕೆ ಅಂದರೆ, ಈ ರೋಗದ ಬಗ್ಗೆ ಜನ ಯೋಚಿಸುವ ರೀತಿಯನ್ನೇ ಬದಲಿಸಿದ ಫೋಟೋಗಳನ್ನು ನೋಡಿ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಲೇಖಕಿ ಡೀನಾ ಮೆಟ್ಜ್‌ಗರ್ ಒಂದು ಸ್ತನ ತೆಗೆಸಿದ ಮೇಲೆ ಆ ಗಾಯದ ಗುರುತಿನ ಉದ್ದಕ್ಕೂ ಹಚ್ಚೆ ಹಾಕಿಸಿಕೊಂಡು, ಎರಡೂ ಕೈ ಆಕಾಶಕ್ಕೆ ಚಾಚಿ, ಹೆಲ್ಲಾ ಹ್ಯಾಮಿಡ್ ಅವರ ಕ್ಯಾಮೆರಾ ಮುಂದೆ ನಿಂತರು. ಅದು ಪೋಸ್ಟರ್ ಆಗಿ ಎಷ್ಟೋ ಜನರ ಮನೆ ಸೇರಿತು. ಬ್ರಿಟನ್ನಿನ ಜೋ ಸ್ಪೆನ್ಸ್ ಸ್ವತಃ ಫೋಟೋಗ್ರಾಫರ್. 1982ರಲ್ಲಿ ಆಪರೇಷನ್‌ಗೆ ಮುಂಚೆ ತನ್ನ ಎದೆಯ ಮೇಲೆ "ಇದು ಜೋ ಸ್ಪೆನ್ಸ್‌ಳ ಸ್ವತ್ತೇ?" ಎಂದು ಬರೆದುಕೊಂಡು ಫೋಟೋ ಮಾಡಿಸಿದರು. ತನ್ನ ದೇಹಕ್ಕೆ ಏನು ಮಾಡಬೇಕು ಎಂಬುದನ್ನು ತನ್ನನ್ನು ಕೇಳದೆ ತೀರ್ಮಾನಿಸುವ ಡಾಕ್ಟರುಗಳಿಗೆ ಅದು ಆಕೆಯ ಪ್ರಶ್ನೆ. ಆಮೇಲೆ 1993ರ ಆಗಸ್ಟ್ 15ರ ನ್ಯೂಯಾರ್ಕ್ ಟೈಮ್ಸ್ ಭಾನುವಾರದ ಪುರವಣಿ. ಅದರ ಮುಖಪುಟದಲ್ಲಿ ಮಟುಷ್ಕಾ ಎಂಬ ಕಲಾವಿದೆ ತಾನೇ ತೆಗೆದುಕೊಂಡ ಚಿತ್ರ ಬಂತು. ಬಿಳಿ ಉಡುಪು, ಒಂದು ಪಕ್ಕ ಕತ್ತರಿಸಿದೆ, ಅಲ್ಲಿ ಸ್ತನವಿದ್ದ ಜಾಗದಲ್ಲಿ ಗಾಯದ ಗೆರೆ ಕಾಣುತ್ತದೆ. ಮೆಚ್ಚಿದವರು, ಸಿಟ್ಟಾದವರು ರಾಶಿ ರಾಶಿ ಪತ್ರ ಬರೆದರು.

ಈ ಮೂವರಲ್ಲಿ ಯಾರನ್ನೂ ಯಾರೂ ಹುಡುಕಿ ಕೂರಿಸಿದ್ದಲ್ಲ. ಏನು ತೋರಿಸಬೇಕು, ಎಷ್ಟು ತೋರಿಸಬೇಕು, ಯಾರಿಗೆ ತೋರಿಸಬೇಕು, ಎಲ್ಲವನ್ನೂ ಆ ಹೆಂಗಸರೇ ನಿರ್ಧರಿಸಿದ್ದರು. ಆ ಚಿತ್ರಗಳ ಬಲ ಇರುವುದೇ ಅಲ್ಲಿ ಎಂದು ನಾನು ನಂಬಿದ್ದೇನೆ.

ಗಂಡಸು ತೆಗೆಯಬಹುದೇ ಎಂದು ಕೇಳಿದ್ದೀರಿ. ಡೇವಿಡ್ ಜೇ ಎಂಬ ಫ್ಯಾಷನ್ ಫೋಟೋಗ್ರಾಫರ್ ಇದ್ದಾರೆ. ಅವರ ಸ್ನೇಹಿತೆಗೆ 32ನೇ ವಯಸ್ಸಿಗೇ ಸ್ತನ ಕ್ಯಾನ್ಸರ್ ಬಂತು. ಆಪರೇಷನ್ ಆದ ಮೇಲೆ ಆಕೆಯ ಫೋಟೋ ತೆಗೆದರು. ಅಲ್ಲಿಂದ ಶುರುವಾದ 'ಸ್ಕಾರ್ ಪ್ರಾಜೆಕ್ಟ್' (ಸ್ಕಾರ್ ಅಂದರೆ ಗಾಯದ ಗುರುತು) ಎಂಬ ಫೋಟೋ ಸರಣಿಗಾಗಿ ಚಿಕ್ಕ ವಯಸ್ಸಿನ ಹೆಂಗಸರೇ ಒಬ್ಬೊಬ್ಬರಾಗಿ ಬಂದು ನಿಂತರು. 2013ರಲ್ಲಿ ಫೇಸ್‌ಬುಕ್ ಆ ಚಿತ್ರಗಳನ್ನು ಅಶ್ಲೀಲವೆಂದು ತೆಗೆದುಹಾಕಿದಾಗ ಕ್ಯಾನ್ಸರ್ ಇದ್ದ ಮಹಿಳೆಯೊಬ್ಬರು ಸಹಿ ಸಂಗ್ರಹಕ್ಕೆ ಇಳಿದರು. ಸಾವಿರಾರು ಜನ ಸಹಿ ಹಾಕಿದರು. ಸ್ತನ ತೆಗೆದ ಗಾಯದ ಚಿತ್ರಗಳಿಗೆ ಅಡ್ಡಿಯಿಲ್ಲ ಎಂದು ಕಂಪನಿ ಸ್ಪಷ್ಟಪಡಿಸಬೇಕಾಯಿತು. ಹಾಗಾಗಿ ಕ್ಯಾಮೆರಾ ಹಿಂದೆ ಗಂಡಸಿದ್ದಾನೆ ಎಂಬುದು ಅಡ್ಡಿಯಲ್ಲ. ಆದರೆ ನಮ್ಮೂರುಗಳಲ್ಲಿ ಸೆಷನ್ ಪೂರ್ತಿ ಅವರ ಮನೆಯ ಒಬ್ಬ ಹೆಂಗಸು ಪಕ್ಕದಲ್ಲಿರಲಿ. ಸೆರಗು, ಕುಪ್ಪಸ, ಕೂದಲು ಯಾವುದನ್ನೂ ನೀವು ಮುಟ್ಟಿ ಸರಿಮಾಡಬೇಡಿ. ಬಾಗಿಲಿಗೆ ಒಳಗಿನಿಂದ ಚಿಲಕ ಇರುವ, ದೊಡ್ಡ ಕನ್ನಡಿಯಿರುವ ಕೋಣೆ ಕೊಡಿ.

ಈಗ ಕ್ಯಾಲೆಂಡರ್ ವಿಷಯ. ಇಂಗ್ಲೆಂಡಿನ ಯಾರ್ಕ್‌ಷೈರ್‌ನ ರಿಲ್ಸ್‌ಟನ್ ಎಂಬ ಹಳ್ಳಿಯ ಮಹಿಳಾ ಸಂಘದವರು 1999ರಲ್ಲಿ ಒಂದು ಕ್ಯಾಲೆಂಡರ್ ತಂದರು. ಅದು ಸ್ತನ ಕ್ಯಾನ್ಸರಿಗಲ್ಲ, ರಕ್ತದ ಕ್ಯಾನ್ಸರಿಗೆ. ಸಂಘದ ಗೆಳತಿಯೊಬ್ಬರ ಗಂಡ ಆ ರೋಗದಿಂದ ತೀರಿಕೊಂಡಿದ್ದರು. ನಡುವಯಸ್ಸು ದಾಟಿದ ಹೆಂಗಸರು, ಮೈಮೇಲೆ ಮುತ್ತಿನ ಸರ ಬಿಟ್ಟರೆ ಏನೂ ಇಲ್ಲ, ಮುಂದೆ ಅಡುಗೆ ಸಾಮಾನು, ಹೂವು, ಹೆಣಿಗೆ. ವರ್ಷಗಳು ಕಳೆದಂತೆ ಸಂಶೋಧನೆಗೆ ಸೇರಿದ ಹಣ 50 ಲಕ್ಷ ಪೌಂಡ್ ದಾಟಿತು. ಎಲ್ಲರೂ ಅದರ ಬೆತ್ತಲೆಯನ್ನಷ್ಟೇ ನೆನಪಿಟ್ಟಿದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ: ಸತ್ತವನು ಅವರ ಪೈಕಿಯವನು, ಯೋಚನೆ ಅವರದು, ಚಿತ್ರದಲ್ಲಿದ್ದದ್ದು ಅವರೇ ದಿನಾ ಮಾಡುವ ಕೆಲಸ. ಬೆಂಬಲ ಅನ್ನುವುದು ಅಲ್ಲಿ ಬಟ್ಟೆಯ ಬಣ್ಣದಲ್ಲಿ ಇರಲಿಲ್ಲ.

ನಿಮ್ಮ ಊರಿನಲ್ಲೂ ಹಾಗೆ ನಿಜವಾಗಿ ಬೆಂಬಲಿಸಿದ ಹೆಂಗಸರು ಇದ್ದಾರೆ. ನನ್ನ ಸಲಹೆ, ಅವರನ್ನು ತೆಗೆಯಿರಿ. ಕೀಮೋ ದಿನಗಳಲ್ಲಿ ವಾರ್ಡಿನ ನೆಲದ ಮೇಲೆ ಚಾಪೆ ಹಾಸಿ ಮಲಗಿದ ನಾದಿನಿ. ಮಕ್ಕಳನ್ನು ತನ್ನ ಮನೆಯಲ್ಲೇ ಇಟ್ಟುಕೊಂಡು ಸ್ಕೂಲಿಗೆ ಕಳಿಸಿದ ಪಕ್ಕದ ಮನೆಯಾಕೆ. ಗಂಟಿದೆ ಎಂದು ಹೇಳಿಕೊಳ್ಳಲು ನಾಚಿದವರನ್ನು ಕೈಹಿಡಿದು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದ ಆಶಾ ಕಾರ್ಯಕರ್ತೆ. ಆಪರೇಷನ್ ಆದ ಪಕ್ಕಕ್ಕೆ ಹತ್ತಿ ತುಂಬಿ ಕುಪ್ಪಸ ಹೊಲಿದುಕೊಟ್ಟ ಟೈಲರ್. ನಮ್ಮ ಚಿಕ್ಕಮ್ಮನಿಗೆ ಅಂಥ ಒಬ್ಬರು ಸಿಕ್ಕಿದ್ದರು. ಅಳತೆ ತೆಗೆಯುವಾಗ ಒಂದು ಪ್ರಶ್ನೆಯನ್ನೂ ಕೇಳದೆ, ಎರಡೂ ಕಡೆ ಸಮ ಕಾಣುವಂತೆ ಹೊಲಿದುಕೊಟ್ಟರು. ಆ ಕುಪ್ಪಸ ತೊಟ್ಟ ದಿನವೇ ಚಿಕ್ಕಮ್ಮ ಮತ್ತೆ ಮದುವೆ ಮನೆಗೆ ಹೊರಟಿದ್ದು. ಆ ಟೈಲರ್ ತನ್ನ ಮಿಷನ್ ಮುಂದೆ ಕೂತಿರುವ ಒಂದು ಫೋಟೋ, ಕೆಳಗೆ ಎರಡು ಸಾಲು. ಗುಲಾಬಿ ಸೀರೆಯ ಇಪ್ಪತ್ತು ಫೋಟೋಗಿಂತ ಅದು ದೊಡ್ಡದು.

ಹೀಗೆ ಮಾಡುವುದರಿಂದ ಇನ್ನೊಂದು ಅನುಕೂಲ. ಕಾಯಿಲೆಯಾದವರ ಮೇಲೆ ಮುಖ ತೋರಿಸಬೇಕೆಂಬ ಒತ್ತಡ ಬೀಳುವುದಿಲ್ಲ. ನಮ್ಮಲ್ಲಿ ಇದು ಸಣ್ಣ ವಿಷಯವಲ್ಲ. "ಅಮ್ಮನಿಗೆ ಇತ್ತು ಅಂದರೆ ಮಗಳಿಗೆ ಸಂಬಂಧ ಕೂಡಿಬರುತ್ತಾ" ಎಂಬ ಭಯದಿಂದ ಅಕ್ಕತಂಗಿಯರಿಗೂ ಹೇಳದೆ ಚಿಕಿತ್ಸೆ ಮುಗಿಸಿದವರಿದ್ದಾರೆ. ಅವರನ್ನು ಧೈರ್ಯವಿಲ್ಲದವರು ಎನ್ನಲು ನಮಗೆ ಹಕ್ಕಿಲ್ಲ. ಆದರೆ ಜೊತೆಗಿದ್ದ ನಾದಿನಿಯ ಫೋಟೋ ತೆಗೆಯುವಾಗ "ನಾನೂ ಅವಳ ಪಕ್ಕ ಕೂರ್ತೀನಿ" ಎಂದು ತಾವಾಗಿ ಹೇಳುವವರು ಸಿಗುತ್ತಾರೆ. ಕೈ ಮಾತ್ರ ತೆಗೆಯಿರಿ ಎನ್ನುವವರೂ ಇರುತ್ತಾರೆ, ಬೆನ್ನು ಮಾತ್ರ ಎನ್ನುವವರೂ ಇರುತ್ತಾರೆ. ಹಾಗೇ ತೆಗೆಯಿರಿ.

ಅಂಥವರು ಬಂದಾಗ ಫೋಟೋಗ್ರಾಫರ್ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ನಮ್ಮ ಕಡೆ ಸೆರಗು ಎಡಭುಜದ ಮೇಲೆ ಬರುತ್ತದೆ. ಎಡಗಡೆ ಆಪರೇಷನ್ ಆಗಿದ್ದರೆ ಸೆರಗೇ ಮುಚ್ಚುತ್ತದೆ, ಬಲಗಡೆ ಆಗಿದ್ದರೆ ಅಲ್ಲಿ ಬರೀ ಕುಪ್ಪಸ. ಹಾಗಾಗಿ ಕೂರಿಸುವ ಮುಂಚೆ "ಯಾವ ಕಡೆಯಿಂದ ತೆಗೆದರೆ ನಿಮಗೆ ಸಮಾಧಾನ?" ಎಂದಷ್ಟೇ ಕೇಳಿ. ಯಾವ ಕಡೆ ಆಪರೇಷನ್ ಎಂದು ಕೇಳಬೇಕಿಲ್ಲ. ಕಂಕುಳಿನ ಗ್ರಂಥಿಗಳನ್ನು ತೆಗೆದವರಿಗೆ ಆ ಕೈ ಊದಿಕೊಳ್ಳುವುದುಂಟು. ಆ ಕೈಗೆ ಬಳೆ ಏರುವುದಿಲ್ಲ. ಒಂದೇ ಕೈಗೆ ಬಳೆ ತೊಟ್ಟು ಬಂದವರಿಗೆ "ಇನ್ನೊಂದು ಕೈಗೂ ಹಾಕಿ ಅಮ್ಮಾ, ಚೆನ್ನಾಗಿ ಕಾಣುತ್ತೆ" ಎಂದುಬಿಟ್ಟರೆ ಆ ದಿನ ಅಲ್ಲಿಗೇ ಮುಗಿಯಿತು. ಆ ಕೈಯನ್ನು ತಲೆಯ ಮೇಲೆತ್ತಿ ಎನ್ನಬೇಡಿ, ಭಾರದ ವಸ್ತು ಹಿಡಿಸಬೇಡಿ. ಕುರ್ಚಿ ಪಕ್ಕ ಒಂದು ದಿಂಬಿಟ್ಟರೆ ಕೈ ಊರಲು ಆಗುತ್ತದೆ. ಕೆಲವರಿಗೆ ಕಾಲರ್ ಮೂಳೆಯ ಕೆಳಗೆ ಕೀಮೋ ಪೋರ್ಟ್ (ಔಷಧಿ ಕೊಡಲು ಚರ್ಮದಡಿ ಇಟ್ಟ ಸಣ್ಣ ಸಾಧನ) ಇರುತ್ತದೆ, ಅಲ್ಲಿ ಕ್ಯಾಮೆರಾ ಬೆಲ್ಟಾಗಲಿ ಭಾರದ ಹಾರವಾಗಲಿ ಬೇಡ. ಸ್ಟುಡಿಯೊದಲ್ಲಿ ಅಗರಬತ್ತಿ, ರೂಮ್ ಸ್ಪ್ರೇ, ಮಲ್ಲಿಗೆಯ ಗಾಢ ವಾಸನೆ ಇರದಂತೆ ನೋಡಿಕೊಳ್ಳಿ. ಕೀಮೋ ನಡೆಯುತ್ತಿರುವವರಿಗೆ ವಾಸನೆಗೇ ವಾಂತಿ ಬರುತ್ತದೆ. ಸೋಂಕಿನ ಭಯವೂ ಇರುವುದರಿಂದ ಅವರ ಡಾಕ್ಟರು ಸರಿ ಅಂದ ದಿನವೇ ಕರೆಯಿರಿ, ನೆಗಡಿಯಿರುವ ಸಹಾಯಕನನ್ನು ಮನೆಗೆ ಕಳಿಸಿ.

ಬೆಳಕಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ನಿಮಗೇ ಗೊತ್ತು. ಕಿಟಕಿಯ ಪಕ್ಕದ ಬೆಳಕಿಗೆ ತೆಳುವಾದ ಬಿಳಿ ಪರದೆ ಸಾಕು. ರಿಟಚ್ ಮಾತ್ರ ಕೇಳದೆ ಮಾಡಬೇಡಿ. ಕರೆಂಟ್ (ರೇಡಿಯೇಷನ್) ಕೊಟ್ಟ ಜಾಗದ ಚರ್ಮ ಕಪ್ಪಾಗಿರುತ್ತದೆ, ಉಗುರು ಕಪ್ಪಾಗಿರುತ್ತದೆ, ಹುಬ್ಬು ಉದುರಿರುತ್ತದೆ. ಕೆಲವರು ಅದು ಹಾಗೇ ಇರಲಿ ಎನ್ನುತ್ತಾರೆ, ಕೆಲವರಿಗೆ ಹುಬ್ಬು ಬೇಕು. ಎರಡೂ ಸರಿಯೇ. ಪ್ರದರ್ಶನಕ್ಕೆ ಮುಂಚೆ ಮೊದಲ ಪ್ರಿಂಟ್ ಅವರ ಮನೆಗೆ ಹೋಗಲಿ. ನೋಡಿ "ಬೇಡ" ಅಂದರೆ ಕಾರಣ ಕೇಳದೆ ಹಿಂದಕ್ಕೆ ತೆಗೆದುಕೊಳ್ಳಿ.

ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ನೀವೇ ಓದಿ ಹೇಳಿ. ಒಂದೇ ಸಹಿಯಲ್ಲಿ ಎಲ್ಲವನ್ನೂ ಬರೆಸಿಕೊಳ್ಳಬೇಡಿ. ಸಭಾಂಗಣದಲ್ಲಿ ತೂಗುಹಾಕಲು ಬೇರೆ, ಕ್ಯಾಲೆಂಡರಿಗೆ ಬೇರೆ, ಪೇಪರಿಗೆ ಬೇರೆ, ಫೇಸ್‌ಬುಕ್ ವಾಟ್ಸಾಪಿಗೆ ಬೇರೆ. ಒಂದು ಸಲ ವಾಟ್ಸಾಪಿಗೆ ಹೋದರೆ ವಾಪಸ್ ತರಲು ನಿಮ್ಮಿಂದಲೂ ಆಗುವುದಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಿ. ಗಂಡನೋ ಮಗನೋ ಒಪ್ಪಿದ ಮಾತ್ರಕ್ಕೆ ಆಕೆ ಒಪ್ಪಿದಂತಲ್ಲ. ಹಾಗೆಯೇ, ಚಿಕಿತ್ಸೆಗೆ ಹಣ ಕೊಡುತ್ತೇವೆ ಎಂದು ಹೇಳಿ ಅದೇ ಉಸಿರಿನಲ್ಲಿ ಫೋಟೋ ಕೇಳುವುದು ಒಪ್ಪಿಗೆಯೇ ಅಲ್ಲ. ನೆರವು ಪಡೆಯುವವರ ಪಟ್ಟಿಯೂ ಫೋಟೋದವರ ಪಟ್ಟಿಯೂ ಒಬ್ಬರ ಕೈಯಲ್ಲೇ ಇರಬಾರದು.

ಹಣದ ಬಗ್ಗೆ ನನಗೆ ತುಂಬ ಖಚಿತವಾದ ಅಭಿಪ್ರಾಯವಿದೆ. ಗುಲಾಬಿ ರಿಬ್ಬನ್ನಿನ ಮೂಲ ಕಥೆಯೇ ಎಚ್ಚರಿಕೆಯಂತಿದೆ. ಕ್ಯಾಲಿಫೋರ್ನಿಯಾದ ಶಾರ್ಲಟ್ ಹೇಲಿ ಎಂಬ ವಯಸ್ಸಾದ ಮಹಿಳೆ ತಮ್ಮ ಮನೆಯಲ್ಲೇ ಪೀಚ್ ಬಣ್ಣದ ರಿಬ್ಬನ್ ಕಟ್ಟಿ, ಕ್ಯಾನ್ಸರ್ ತಡೆಯಲು ಸರ್ಕಾರ ಹೆಚ್ಚು ಹಣ ಇಡಲಿ ಎಂಬ ಚೀಟಿಯ ಜೊತೆ ಹಂಚುತ್ತಿದ್ದರು. 1992ರಲ್ಲಿ ಒಂದು ಪತ್ರಿಕೆ ಮತ್ತು ಸೌಂದರ್ಯವರ್ಧಕ ಕಂಪನಿ ಅದನ್ನು ತಮಗೆ ಕೊಡಿ ಎಂದಾಗ, ಇದು ವ್ಯಾಪಾರವಾಗುತ್ತದೆ ಎಂದು ಅವರು ಒಪ್ಪಲಿಲ್ಲ. ಆಗ ಪತ್ರಿಕೆ, ಕಂಪನಿಯವರು ಬಣ್ಣ ಬದಲಿಸಿ ಗುಲಾಬಿ ಮಾಡಿಕೊಂಡರು. ಹತ್ತು ವರ್ಷದ ಮೇಲೆ, 2002ರಲ್ಲಿ, ಬ್ರೆಸ್ಟ್ ಕ್ಯಾನ್ಸರ್ ಆ್ಯಕ್ಷನ್ ಎಂಬ ಸಂಸ್ಥೆ ಗುಲಾಬಿ ವಸ್ತುಗಳ ಹಣ ಎಲ್ಲಿಗೆ ಹೋಗುತ್ತಿದೆ ಎಂದು ಕೇಳುವ ಚಳವಳಿಯನ್ನೇ ಶುರುಮಾಡಬೇಕಾಯಿತು. ನಿಮ್ಮ ಕ್ಯಾಲೆಂಡರಿಗೂ ಆ ಪ್ರಶ್ನೆ ಬರಲಿ, ಉತ್ತರ ಅದರ ಹಿಂಬದಿಯಲ್ಲೇ ಅಚ್ಚಾಗಿರಲಿ: ಮುದ್ರಣಕ್ಕೆ ಎಷ್ಟು, ಫ್ರೇಮಿಗೆ ಎಷ್ಟು, ಅದನ್ನು ಯಾರು ಭರಿಸಿದರು, ಉಳಿದದ್ದು ಯಾರಿಗೆ. ಹಣ ನಿಮ್ಮ ಖಾತೆಗೆ ಬರುವುದೇ ಬೇಡ. ಆಸ್ಪತ್ರೆಯ ಬಡರೋಗಿಗಳ ನಿಧಿಗೆ ನೇರವಾಗಿ ಹೋಗಿ, ದಾನಿಗೆ ರಸೀದಿ ಬರಲಿ.

ಯಾವುದಕ್ಕೆ ಕೊಡಬೇಕು ಎಂಬುದನ್ನೂ ಯೋಚಿಸಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ಕರೆಂಟ್ ಕೊಡಿಸಲು ವಾರಕ್ಕೆ ಐದು ದಿನದಂತೆ ಮೂರರಿಂದ ಐದು ವಾರ ಹೋಗಬೇಕು. ದೂರದೂರಿನಿಂದ ಬೆಂಗಳೂರಿನ ಕಿದ್ವಾಯಿಗೆ ಬರುವ ಕೂಲಿ ಹೆಂಗಸಿಗೆ ಆ ದಿನಗಳ ಬಾಡಿಗೆ, ಊಟ, ಬಸ್ ಚಾರ್ಜು, ಜೊತೆಗೆ ಬಂದವರ ಹೋದ ಕೂಲಿ, ಇದನ್ನೆಲ್ಲ ಯಾರು ಕೊಡುತ್ತಾರೆ? ಅರ್ಧಕ್ಕೆ ಚಿಕಿತ್ಸೆ ಬಿಟ್ಟು ಊರಿಗೆ ಹೋಗುವಂತೆ ಮಾಡುವುದು ಎಷ್ಟೋ ಸಲ ಈ ಖರ್ಚೇ. ಒಂದು ಕ್ಯಾಲೆಂಡರಿನಿಂದ ಬರುವ ಹಣಕ್ಕೆ ಇದು ಸರಿಯಾದ ಜಾಗ.

ಕೊನೆಯದಾಗಿ ಫೋಟೋದ ಪಕ್ಕ ಏನು ಬರೆಯಬೇಕು ಎಂಬುದು. "ಹೋರಾಟಗಾರ್ತಿ", "ವೀರವನಿತೆ" ಅಂತೆಲ್ಲ ಬೇಡ. ಗಂಟು ಹೇಗೆ ಗೊತ್ತಾಯಿತು, ಎಷ್ಟು ದಿನ ಸುಮ್ಮನಿದ್ದರು, ಮೊದಲು ಯಾರಿಗೆ ಹೇಳಿದರು ಎಂಬುದನ್ನು ಅವರ ಮಾತಿನಲ್ಲೇ ಬರೆಯಿರಿ. 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷ ಸುಮಾರು 1.92 ಲಕ್ಷ ಹೆಂಗಸರಿಗೆ ಈ ರೋಗ ಬಂದಿದೆ, 98 ಸಾವಿರದಷ್ಟು ಜನ ಸತ್ತಿದ್ದಾರೆ. ನಮ್ಮಲ್ಲಿ ಬಹಳ ಜನ ತಡವಾಗಿ ಬರುತ್ತಾರೆ, ಯಾಕೆಂದರೆ ಮೊದಮೊದಲು ಗಂಟು ನೋಯುವುದಿಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು ಒಂದೂವರೆ ಲಕ್ಷ ಹೆಂಗಸರನ್ನು 20 ವರ್ಷ ಗಮನಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರಿಗೈಯಿಂದ ಪರೀಕ್ಷಿಸಿದ ಗುಂಪಿನಲ್ಲಿ, 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನಿಂದಾಗುವ ಸಾವು ಶೇ. 30ರ ಹತ್ತಿರ ಕಡಿಮೆಯಾಗಿತ್ತು. ದುಬಾರಿ ಯಂತ್ರವಿಲ್ಲದೆ ಆದದ್ದು ಇದು. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ಪರೀಕ್ಷೆ ಉಚಿತವಾಗಿ ಮಾಡಬೇಕೆಂಬ ಕಾರ್ಯಕ್ರಮವೂ ಇದೆ.

ಅದಕ್ಕೇ ಮಹಿಳಾ ಸಮಾಜದವರಿಗೆ ಇನ್ನೊಂದು ಮಾತು ಹೇಳಿ. ಪ್ರದರ್ಶನದ ದಿನ ಫೋಟೋ ಹಾಲ್‌ಗೆ ಅಂಟಿಕೊಂಡೇ ಒಂದು ಕೋಣೆ ಇರಲಿ, ಪರದೆ ಇರಲಿ, ತರಬೇತಿಯಾದ ನರ್ಸ್ ಕೂತಿರಲಿ. ಜಿಲ್ಲಾ ಆರೋಗ್ಯ ಅಧಿಕಾರಿಗಳ ಕಚೇರಿಗೆ ತಿಂಗಳು ಮುಂಚೆ ಪತ್ರ ಕೊಟ್ಟು ಕೇಳಿಕೊಳ್ಳಿ. ಟೈಲರ್ ಫೋಟೋ ನೋಡುತ್ತ ನಿಂತ ಹೆಂಗಸಿಗೆ ತನ್ನದೂ ಒಂದು ಗಂಟು ನೆನಪಾದರೆ, ಮನೆಗೆ ಹೋಗಿ ಯೋಚನೆ ಮಾಡಿ ಮತ್ತೊಂದು ದಿನ ಬರಬೇಕಾದ ಅಗತ್ಯವಿಲ್ಲದಂತೆ ಆ ಬಾಗಿಲು ಹತ್ತು ಹೆಜ್ಜೆಯಲ್ಲಿರಬೇಕು.